ಚೌಕಗಳ ಮೇಲೆಯೇ ಉತ್ತರ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮೈಸೂರಿನಿಂದ ಬಸ್ಸು ಹಿಡಿದು ಮಂಡ್ಯ ಜಿಲ್ಲೆಯ ತೂಬಿನಕೆರೆ ಕೈಗಾರಿಕಾ ಪ್ರದೇಶಕ್ಕೆ ಹೊರಟಾಗ ನನ್ನ ಚೀಲದಲ್ಲಿ ಮೂರು ಪುಟಗಳ ಒಂದು ಮುದ್ರಣವಿತ್ತು. ಪಂಪ್‌ಹೌಸ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಸಣ್ಣ ಘಟಕವೊಂದರ ಹಿರಿಯ ತಂತ್ರಜ್ಞರು ಬರೆದ ಚಿತ್ರವನ್ನು ಹದಿನೈದು ದಿನ ಕೂತು ಮಾಡೆಲ್ ಚೆಕ್ಕರ್‌ನ, ಅಂದರೆ ಯಂತ್ರ ನಡೆಯಬಹುದಾದ ಎಲ್ಲ ದಾರಿಗಳನ್ನೂ ತಾನೇ ಹುಡುಕಿ ನೋಡುವ ತಂತ್ರಾಂಶದ, ಭಾಷೆಗೆ ಇಳಿಸಿದ್ದೆ. ಅದರಲ್ಲೊಂದು ದೋಷ ಸಿಕ್ಕಿತ್ತು; ಅದನ್ನು ತೋರಿಸಿ ಬರುವುದು ಅರ್ಧ ಗಂಟೆಯ ಕೆಲಸವೆಂದು ನಂಬಿದ್ದೆ.

ಅವರು ಬರೆದಿದ್ದು ಸೀಕ್ವೆನ್ಷಿಯಲ್ ಫಂಕ್ಷನ್ ಚಾರ್ಟ್. 1977ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಗ್ರಾಫ್ಸೆಟ್ ಇದರ ಮೂಲ. 1993ರಲ್ಲಿ ಬಂದ, ಪಿಎಲ್‌ಸಿ ಎಂಬ ಯಂತ್ರ ನಿಯಂತ್ರಕ ಕಂಪ್ಯೂಟರ್‌ಗಳ ಭಾಷೆಗಳ ಅಂತರರಾಷ್ಟ್ರೀಯ ಮಾನಕದಲ್ಲಿ ಇದಕ್ಕೂ ಸ್ಥಾನ ಸಿಕ್ಕಿತು. ಚೌಕವೆಂದರೆ ಯಂತ್ರ ಆ ಹೊತ್ತಿಗೆ ಇರುವ ಹಂತ, ಚೌಕಗಳ ನಡುವಿನ ಗೆರೆಗೆ ಹಾಕಿದ ಅಡ್ಡಗೀಟೆಂದರೆ ಮುಂದಿನ ಹಂತಕ್ಕೆ ಹೋಗಲು ಕೂಡಿಬರಬೇಕಾದ ಷರತ್ತು. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಎರಡು ಮೋಟಾರ್‌ಗಳು ಸರದಿಯಂತೆ ಓಡಬೇಕು, ಒಂದು ಓವರ್‌ಲೋಡ್‌ನಿಂದ ಟ್ರಿಪ್ ಆಗಿ, ಅಂದರೆ ಹೆಚ್ಚು ಕರೆಂಟ್ ಎಳೆದು ತಾನಾಗಿ ಕಡಿದು ನಿಂತರೆ, ಇನ್ನೊಂದು ಶುರುವಾಗಬೇಕು ಎಂಬುದು ಅವರ ಯೋಜನೆ. ನಾನು ಕೇಳಿದ್ದು ಎರಡೇ ಪ್ರಶ್ನೆ: ಎರಡೂ ಮೋಟಾರ್ ಎಂದಾದರೂ ಒಟ್ಟಿಗೆ ಓಡುತ್ತವೆಯೇ? ಟ್ಯಾಂಕ್ ಖಾಲಿಯಾದ ಮೇಲೆ ಒಂದಲ್ಲ ಒಂದು ಹೊತ್ತಿಗೆ ಮೋಟಾರ್ ಓಡುವುದು ಅಥವಾ ಅಲಾರಂ ಕೂಗುವುದು ಖಚಿತವೇ? ಮೊದಲನೆಯದಕ್ಕೆ ಒಳ್ಳೆಯ ಉತ್ತರವೇ ಬಂದಿತ್ತು. ಎರಡನೆಯದು ಸುಳ್ಳಾಗಿ, ಅದಕ್ಕೊಂದು ಪ್ರತ್ಯುದಾಹರಣೆ, ಅಂದರೆ ಅದು ಹೇಗೆ ತಪ್ಪುತ್ತದೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಪಟ್ಟಿ, ದೊರೆತಿತ್ತು. ಚೀಲದಲ್ಲಿದ್ದ ಮೂರು ಪುಟ ಅದೇ.

ಅವರು ಕನ್ನಡಕ ಹಾಕಿಕೊಂಡು ಮೂರೂ ಪುಟಗಳನ್ನು ತಿರುವಿ, ‘ನಾನು ಬರೆದಿರೋ ಚೌಕ ಇದರಲ್ಲಿ ಎಲ್ಲದೆ ಮೇಡಂ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬಳಸಿದ್ದ ಮಾಡೆಲ್ ಚೆಕ್ಕರ್ ನ್ಯೂಎಸ್‌ಎಂವಿ ಪ್ರತಿ ಹೆಜ್ಜೆಯಲ್ಲೂ ಹಿಂದಿನದಕ್ಕಿಂತ ಬದಲಾದ ಚರಗಳನ್ನಷ್ಟೇ (ವೇರಿಯಬಲ್‌ಗಳನ್ನಷ್ಟೇ) ಮುದ್ರಿಸುತ್ತದೆ. ಹದಿನಾಲ್ಕನೆಯ ಹೆಜ್ಜೆಯಲ್ಲಿ ಟ್ಯಾಂಕ್ ಖಾಲಿ ಇದೆಯೋ ಇಲ್ಲವೋ ಎಂದು ತಿಳಿಯಲು ಹಿಂದಿನ ಪುಟಕ್ಕೆ ಹೋಗಿ ಹುಡುಕಬೇಕು. ಜೊತೆಗೆ ಆ ಚರಗಳಿಗೆ ಹೆಸರಿಟ್ಟವಳು ನಾನು. ‘ಸರದಿ ಬದಲಿ’ ಎಂದು ಅವರು ಬರೆದ ಚೌಕ ನನ್ನ ಮುದ್ರಣದಲ್ಲಿ ಒಂದು ಅಕ್ಷರ, ಎರಡು ಅಂಕಿಗಳಾಗಿತ್ತು. ಅವರ ಚಿತ್ರವನ್ನು ಪಡೆದು, ಅವರು ಗುರುತಿಸಲಾಗದ ರೂಪದಲ್ಲಿ ಹಿಂದಿರುಗಿಸಿದ್ದೆ. ಅಂದು ದೋಷವನ್ನು ಬಾಯಲ್ಲಿ ಹೇಳಲು ಮನಸ್ಸಾಗಲಿಲ್ಲ, ಒಂದು ವಾರದ ಸಮಯ ಕೇಳಿ ಎದ್ದೆ.

ಆ ವಾರವೆಲ್ಲ ಮಾಡಿದ್ದು, ಪ್ರತ್ಯುದಾಹರಣೆಯ ಒಂದೊಂದು ಹೆಜ್ಜೆಯನ್ನೂ ಅವರದೇ ಚಿತ್ರದ ಮೇಲೆ ಬಣ್ಣವಾಗಿ ಮೂಡಿಸುವ ಕೆಲಸ. ಇದು ನೋಡಿದಷ್ಟು ಸುಲಭವಲ್ಲ. ಪಿಎಲ್‌ಸಿ ಒಂದು ಸುತ್ತಿನಲ್ಲಿ ಇನ್‌ಪುಟ್ ಓದಿ, ಪ್ರೋಗ್ರಾಂ ನಡೆಸಿ, ಔಟ್‌ಪುಟ್ ಬರೆಯುತ್ತದೆ. ಅನುವಾದದಲ್ಲಿ ಅದು ಮೂರು ಹೆಜ್ಜೆಯಾಗಿ ಒಡೆದಿತ್ತು. ಹಾಗೆಯೇ ತೋರಿಸಿದ್ದರೆ ಚಿತ್ರದಲ್ಲಿ ಏನೂ ಬದಲಾಗದ ಹೆಜ್ಜೆಗಳೇ ಹೆಚ್ಚಾಗುತ್ತಿದ್ದವು. ಮೂರನ್ನೂ ಮಡಚಿ ಒಂದು ಮಾಡಿ, ಪಕ್ಕದಲ್ಲಿ ಟ್ಯಾಂಕ್, ಟ್ರಿಪ್, ಕರೆಂಟ್ ಇವುಗಳ ಸ್ಥಿತಿಯನ್ನು ಎಲ್ಲ ಹೆಜ್ಜೆಯಲ್ಲೂ ಪೂರ್ತಿಯಾಗಿ ಬರೆದೆ.

ಮುಂದಿನ ವಾರ ಲ್ಯಾಪ್‌ಟಾಪ್ ತೆರೆದಾಗ ಅವರು ಚೌಕದಿಂದ ಚೌಕಕ್ಕೆ ಹೋಗುವ ಬಣ್ಣವನ್ನು ಬೆರಳಿನಿಂದ ಹಿಂಬಾಲಿಸತೊಡಗಿದರು. ಒಂದನೇ ಮೋಟಾರ್ ಟ್ರಿಪ್, ಸರದಿ ಬದಲಿ, ಎರಡನೇ ಮೋಟಾರ್ ಟ್ರಿಪ್, ಸರದಿ ಬದಲಿ, ಮತ್ತೆ ಒಂದನೇ ಮೋಟಾರ್. ಸ್ವಲ್ಪ ಹೊತ್ತು ಕಾದು, ‘ಇದು ಮುಗಿಯೋದು ಯಾವಾಗ?’ ಎಂದರು. ಲ್ಯಾಪ್‌ಟಾಪ್ ಕೆಟ್ಟಿದೆಯೆಂದು ಅವರು ಭಾವಿಸಿದ್ದರು. ಮುಗಿಯದಿರುವುದೇ ಇಲ್ಲಿನ ದೋಷವೆಂಬುದನ್ನು ನನ್ನ ಚಿತ್ರ ಹೇಳಿರಲಿಲ್ಲ. ಎರಡೂ ಒಟ್ಟಿಗೆ ಓಡುವಂಥ ದೋಷವಾದರೆ ಕೊನೆಯ ಹೆಜ್ಜೆಯನ್ನು ತೋರಿಸಿ ‘ಇಗೋ’ ಎನ್ನಬಹುದು. ಆಗಬೇಕಾದದ್ದು ಎಂದಿಗೂ ಆಗದ ದೋಷಕ್ಕೆ ಕೊನೆಯ ಹೆಜ್ಜೆಯಿಲ್ಲ. ಒಂದಷ್ಟು ದೂರ ನೇರ ದಾರಿ, ಆಮೇಲೆ ಬಿಡಿಸಿಕೊಳ್ಳಲಾಗದ ಸುತ್ತು. ಅಲ್ಲಿಯೇ ಕೂತು ಬಂದ ದಾರಿಗೆ ನೀಲಿ, ಸುತ್ತಿಗೆ ಕೆಂಪು ಹಾಕಿ, ಚಲನೆಯನ್ನು ನಿಲ್ಲಿಸಿ, ‘ಇಲ್ಲಿಂದ ಮುಂದೆ ಇಷ್ಟೇ’ ಎಂದು ಬರೆದೆ. ಅವರು ಕೆಂಪು ಗೆರೆಯನ್ನು ನೋಡಿದವರೇ, ‘ಗಾಣದ ಎತ್ತು ತಿರುಗಿದಂಗೆ ತಿರುಗ್ತದೆ. ಇಲ್ಲಿಂದ ಅಲಾರಂಗೆ ನಾನು ಗೆರೆ ಎಳೆದೇ ಇಲ್ಲ’ ಎಂದರು. ಹೆಚ್ಚು ಕರೆಂಟ್ ಎಳೆದ ಮೋಟಾರನ್ನು ನಿಲ್ಲಿಸುವ ಇಲ್ಲಿನ ಓವರ್‌ಲೋಡ್ ರಿಲೇಯನ್ನು ಯಾರಾದರೂ ಕೈಯಿಂದ ರಿಸೆಟ್ ಮಾಡುವವರೆಗೆ ಅದು ಟ್ರಿಪ್ ಆಗಿಯೇ ಇರುತ್ತದೆ. ಅಲಾರಂ ಕೂಗದಿದ್ದರೆ ರಿಸೆಟ್ ಮಾಡಲು ಯಾರೂ ಬರುವುದಿಲ್ಲ, ಊರಿಗೆ ನೀರಿಲ್ಲ. ಇದನ್ನು ನಾನು ಹೇಳಲಿಲ್ಲ, ಅವರೇ ನನಗೆ ವಿವರಿಸಿದರು.

ಇನ್ನೇನು ಕೆಲಸ ಮುಗಿಯಿತೆನ್ನುವಾಗ ಮೊದಲ ಪ್ರಶ್ನೆಯ ಮುಂದಿದ್ದ ಹಸಿರು ಗುರುತನ್ನು ಅವರು ನೋಡಿದರು. ‘ಎರಡೂ ಒಟ್ಟಿಗೆ ಓಡುವುದಿಲ್ಲ’ ಎಂದಷ್ಟೇ ಅಲ್ಲಿ ಬರೆದಿದ್ದೆ. ‘ಕಾಂಟ್ಯಾಕ್ಟರ್ ಅಂಟಿಕೊಂಡರೂ ಓಡಲ್ವಾ?’ ಎಂದು ಕೇಳಿದರು. ಕಾಂಟ್ಯಾಕ್ಟರ್ ಎಂದರೆ ಮೋಟಾರ್‌ಗೆ ಕರೆಂಟ್ ಕೊಟ್ಟು ಕಡಿಯುವ, ಕಾಯಿಲ್‌ನಿಂದ ನಡೆಯುವ ಸ್ವಿಚ್ಚು. ಹೆಚ್ಚು ಕರೆಂಟ್ ಹರಿದಾಗ ಅದರ ತುದಿಗಳು ಬೆಸೆದುಕೊಳ್ಳುವುದುಂಟು. ಆಗ ಓವರ್‌ಲೋಡ್ ರಿಲೇ ಕಾಯಿಲ್‌ಗೆ ಹೋಗುವ ಕರೆಂಟನ್ನು ಕತ್ತರಿಸಿದರೂ ಮೋಟಾರ್ ನಿಲ್ಲುವುದಿಲ್ಲ. ಪಿಎಲ್‌ಸಿಯ ಔಟ್‌ಪುಟ್ ನಿಂತೊಡನೆ ಮೋಟಾರ್ ನಿಂತಿತೆಂಬುದು ನನ್ನ ಮಾದರಿಯ ಊಹೆ, ಮತ್ತು ಆ ಊಹೆ ಪರದೆಯ ಮೇಲೆ ಎಲ್ಲಿಯೂ ಇರಲಿಲ್ಲ. ಸುಳ್ಳೆಂದು ಬಂದ ಉತ್ತರಕ್ಕೆ ಒಂದು ವಾರ ದುಡಿದಿದ್ದೆ. ನಿಜವೆಂದು ಬಂದದ್ದಕ್ಕೆ ಹಸಿರು ಗುರುತೇ ಸಾಕೆಂದುಕೊಂಡಿದ್ದೆ. ಅವರ ಅನುಭವವಿಲ್ಲದ ಯಾರಾದರೂ ಆ ಗುರುತನ್ನು ನಂಬಿ ಪ್ಯಾನೆಲ್ ಮುಚ್ಚಿಬಿಡುತ್ತಿದ್ದರು.

ಊಹೆಯನ್ನು ತೆಗೆದು ಮತ್ತೆ ಪರಿಶೀಲಿಸಿದಾಗ ಹಸಿರು ಹೋಗಿ ಪುಟ್ಟದೊಂದು ಪ್ರತ್ಯುದಾಹರಣೆ ಬಂತು. ಮೊದಲ ಮೋಟಾರ್‌ನ ಆಕ್ಸಿಲರಿ ಕಾಂಟ್ಯಾಕ್ಟ್, ಅಂದರೆ ಕಾಂಟ್ಯಾಕ್ಟರ್ ನಿಜಕ್ಕೂ ಬಿಟ್ಟಿದೆಯೇ ಎಂದು ತಿಳಿಸುವ ಪುಟ್ಟ ಸ್ವಿಚ್ಚು, ತೆರೆದಿದ್ದರೆ ಮಾತ್ರ ಎರಡನೇ ಮೋಟಾರ್ ಶುರುವಾಗಬೇಕು, ಇಲ್ಲದಿದ್ದರೆ ಅಲಾರಂ ಕೂಗಬೇಕು ಎಂಬ ಷರತ್ತನ್ನು, ಸರದಿ ಬದಲಾದಾಗ ಎರಡಕ್ಕೂ ಅನ್ವಯವಾಗುವಂತೆ, ಅವರು ಪೆನ್ಸಿಲ್‌ನಲ್ಲಿ ಬರೆದರು. ಅಲಾರಂ ಚೌಕಕ್ಕೆ ಬಿಟ್ಟುಹೋಗಿದ್ದ ಗೆರೆಯನ್ನೂ ಎಳೆದರು. ಸಂಜೆಯ ಹೊತ್ತಿಗೆ ಎರಡೂ ಪ್ರಶ್ನೆಗೆ ಹಸಿರು ಬಂತು. ಈ ಬಾರಿ ಒಂದೊಂದು ಗುರುತಿನ ಕೆಳಗೂ ‘ಇವನ್ನು ನಂಬಿ ಹೇಳಿದ್ದು’ ಎಂದು ತಲೆಬರಹ ಕೊಟ್ಟು, ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್ ಸರಿಯಿದೆ, ಆಕ್ಸಿಲರಿ ಕಾಂಟ್ಯಾಕ್ಟ್ ಸುಳ್ಳು ಹೇಳುವುದಿಲ್ಲ ಎಂದು ಒಂದೊಂದಾಗಿ ಬರೆದು ಮುದ್ರಿಸಿದೆ. ಅವರು ಆ ಹಾಳೆಯನ್ನು ಎರಡು ಸಲ ಓದಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ವೈರಿಂಗ್ ನಕ್ಷೆಯ ಪಕ್ಕಕ್ಕೆ ಅಂಟಿಸಿದರು.