ಸೌರ ಬ್ಯಾಟರಿ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಚಾವಣಿಯ ಸೌರಫಲಕಗಳಿಗೆ ಬ್ಯಾಟರಿ ಜೋಡಿಸಬೇಕೇ ಎಂದು ಯೋಚಿಸುವಾಗ ನಾನು ಮೊದಲು ಬಿಡಿಸಿ ನೋಡುವುದು ವಿದ್ಯುತ್ ಬಿಲ್ಲನ್ನು. ಹಗಲಿನಲ್ಲಿ ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟಾಗ ಸಿಗುವ ದರವೂ ರಾತ್ರಿ ಕೊಳ್ಳುವ ದರವೂ ಒಂದೇ ಆಗಿದ್ದರೆ ಗ್ರಿಡ್ಡೇ ಖರ್ಚಿಲ್ಲದ ಉಗ್ರಾಣವಾಗುವುದರಿಂದ, ಬ್ಯಾಟರಿಯಿಂದ ಹಣ ಉಳಿಯುವುದಿಲ್ಲ. ಅಂತರ ದೊಡ್ಡದಿದ್ದರೆ ಮಾತ್ರ ಲೆಕ್ಕ ಮುಂದುವರಿಸಬೇಕು. 10 ಯೂನಿಟ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿಯನ್ನು ದಿನವೂ ಶೇ 80ರಷ್ಟು ಬಳಸಿದರೆ 10 ವರ್ಷಗಳಲ್ಲಿ ಅದು ಕೊಡುವುದು ಹೆಚ್ಚೆಂದರೆ 29,200 ಯೂನಿಟ್. ಸವಕಳಿ ಕಳೆದರೆ ಇನ್ನೂ ಕಡಿಮೆ. ಒಟ್ಟು ವೆಚ್ಚವನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತವು ದರಗಳ ಅಂತರವನ್ನು ಮೀರಿದರೆ, ಉಳಿತಾಯದ ಹೆಸರಿನಲ್ಲಿ ಅದನ್ನು ಕೊಳ್ಳಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಪದೇಪದೇ ಕರೆಂಟ್ ಹೋಗುವ ಮನೆಗಳ ಮಾತು ಬೇರೆ. ಫಲಕಗಳ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಮಾರ್ಪಡಿಸುವ ಸಾಮಾನ್ಯ ಗ್ರಿಡ್ ಇನ್ವರ್ಟರ್ ಆಗ ಬಿಸಿಲಿದ್ದರೂ ನಿಂತುಬಿಡುತ್ತದೆ. ಆದ್ದರಿಂದ ಬ್ಯಾಟರಿಯೊಂದಿಗೆ, ಕರೆಂಟ್ ಹೋದಾಗಲೂ ಫಲಕ ಮತ್ತು ಬ್ಯಾಟರಿಯಿಂದ ಮನೆಗೆ ವಿದ್ಯುತ್ ಕೊಡಬಲ್ಲ ಹೈಬ್ರಿಡ್ ಇನ್ವರ್ಟರಿನ ವೆಚ್ಚವನ್ನೂ ಮೊದಲೇ ವಿಚಾರಿಸಿಕೊಳ್ಳಿ.