ಕೊಡೆ ಮಡಚುವ ಸಂತೆಯಿಂದ ಅಂಫವಾದ ಕಾಲುವೆಯವರೆಗೆ

“ಮೀನು ಕೊಳ್ಳೋದಕ್ಕೆ ಹೋಗೋದಾದರೆ ನಾನೂ ಬರ್ತೀನಿ, ಬರೀ ಫೋಟೋಕ್ಕಾದರೆ ನೀವೇ ಹೋಗಿಬನ್ನಿ” ಎಂದಿದ್ದರು ಪೀ. ನಮ್ಮ ಬ್ಯಾಂಕಾಕ್ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರು ಅವರು. ಥಾಯ್ ಜನ ತಮಗಿಂತ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಅಕ್ಕನಿಗೂ ಪೀ, ಅಣ್ಣನಿಗೂ ಪೀ. ಕಚೇರಿಯ ಕಿರಿಯರೆಲ್ಲ ಹಾಗೆ ಕರೆಯುವುದನ್ನು ಕೇಳಿ ಕೇಳಿ ನನಗೂ ಅವರು ಪೀ ಆಗಿಬಿಟ್ಟಿದ್ದಾರೆ. ಅವರ ತವರು ಸಮುತ್ ಸೊಂಗ್‌ಖ್ರಾಮ್. ವಿಸ್ತೀರ್ಣದಲ್ಲಿ ಇಡೀ ಥಾಯ್ಲೆಂಡಿಗೇ ಅತಿ ಚಿಕ್ಕ ಪ್ರಾಂತ್ಯ ಅದು. ರೈಲು ಹಾದುಹೋಗುವ ಪ್ರಸಿದ್ಧ ಮೇಕ್ಲಾಂಗ್ ಸಂತೆ ಇರುವುದು ಅಲ್ಲೇ. ಲೋಕಕ್ಕೆಲ್ಲ ಅದು ವಿಡಿಯೋದಲ್ಲಿ ನೋಡುವ ಅಚ್ಚರಿ. ಪೀಗೆ ಮಾತ್ರ ಅವ್ವ ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಹೋಗುತ್ತಿದ್ದ ಜಾಗ.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ವ್ಯಾನಿನಲ್ಲಿ ಹೊರಟೆವು. ಪೀ, ಮಾರಾಟ ವಿಭಾಗದ ಇಬ್ಬರು ಹೆಣ್ಣುಮಕ್ಕಳು, ವ್ಯಾನ್ ಓಡಿಸಲು ಮುಂದಾದ ಐಟಿ ವಿಭಾಗದ ಹುಡುಗ, ಮತ್ತು ನಾನು. ಎರಡನೇ ರಾಮ ಎಂಬ ಥಾಯ್ ದೊರೆಯ ಹೆಸರಿನ ಹೆದ್ದಾರಿ ಹಿಡಿದರೆ ಮೊದಲಿಗೆ ಸಿಗುವುದು ಕಾರ್ಖಾನೆ, ಗೋದಾಮು, ಮೇಲ್ಸೇತುವೆಯ ಕಾಮಗಾರಿ. ಅಲ್ಲಿ ನೋಡುವಂಥದ್ದೇನೂ ಇಲ್ಲ. ಸಮುತ್ ಸಾಖೋನ್ ದಾಟಿದ ಮೇಲೆ ಎರಡೂ ಬದಿ ನೆಲ ಬಿಚ್ಚಿಕೊಳ್ಳುತ್ತದೆ. ಚೌಕ ಚೌಕವಾಗಿ ಕಟ್ಟಿದ ಬದು, ಬದುವಿನೊಳಗೆ ಕನ್ನಡಿಯಂತೆ ನಿಂತ ಸಮುದ್ರದ ನೀರು, ಅಲ್ಲಲ್ಲಿ ಬಿಳಿ ಗುಡ್ಡೆಗಳು. ಉಪ್ಪಿನಾಗರ! ನಾನು ಕುಮಟೆಯ ಕಡೆಯವಳು, ಸಾಣಿಕಟ್ಟಾದ ಆಗರಗಳನ್ನು ನೋಡಿಯೇ ಬೆಳೆದವಳು. ವ್ಯಾನ್ ನಿಲ್ಲಿಸಿ ಎಂದು ಕೂಗಿದೆ.

ಕೆಲಸ ನಡೆಯುವ ಕ್ರಮ ನಮ್ಮಲ್ಲಿಯದೇ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಸಾಗಿಸುತ್ತ, ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ್ದನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಗುಡ್ಡೆ ಮಾಡುವುದು. ಮಳೆ ಬರುವ ಮೊದಲು ಇದೆಲ್ಲ ಮುಗಿಯಬೇಕು. ತಲೆಗೆ ಬಟ್ಟೆ ಸುತ್ತಿ, ಕಣ್ಣಷ್ಟೇ ಕಾಣುವಂತೆ ಮುಖ ಮುಚ್ಚಿಕೊಂಡ ಹೆಂಗಸೊಬ್ಬರು ಉಪ್ಪು ಹೊರುತ್ತಿದ್ದರು. ಪೀ ರಸ್ತೆ ಬದಿಯ ಅಂಗಡಿಯಲ್ಲಿ ಒಂದು ಚೀಲ ಕಲ್ಲುಪ್ಪು ಕೊಂಡು ನನ್ನ ಕಾಲ ಬಳಿ ಇಟ್ಟರು. “ಮೀನು ಕೊಳ್ಳೋಕೆ ಮೊದಲು ಉಪ್ಪು” ಎಂದು ಅವರದೇ ಒಂದು ಲೆಕ್ಕ.

ಮೇಕ್ಲಾಂಗ್ ತಲುಪಿದಾಗ ಹತ್ತು ದಾಟಿತ್ತು. ಹನ್ನೊಂದರ ಆಸುಪಾಸಿಗೆ ಒಂದು ರೈಲು ಬರುತ್ತದೆ, ಅದಕ್ಕೆಂದೇ ಜನ ಆಗಲೇ ಹಳಿಯ ಪಕ್ಕ ಜಾಗ ಹಿಡಿದು ನಿಂತಿದ್ದರು. ಪೀ ಅತ್ತ ತಿರುಗಿಯೂ ನೋಡದೆ ನೇರ ಮೀನಿನ ಸಾಲಿಗೆ ನಡೆದರು.

ಈ ಊರಿನ ಹೆಮ್ಮೆ ಪ್ಲಾಥೂ ಎಂಬ ಮೀನು. ಬಂಗುಡೆಯ ಹತ್ತಿರದ ಬಳಗ, ಒಂದೇ ಕುಲ. ಗಿಡ್ಡ, ಚಪ್ಪಟೆ, ಅಗಲ ಮೈ. ಉಪ್ಪುನೀರಿನಲ್ಲಿ ಬೇಯಿಸಿ, ಬಿದಿರಿನ ಪುಟ್ಟ ದುಂಡು ಬುಟ್ಟಿಯಲ್ಲಿ ಎರಡೋ ಮೂರೋ ಜೋಡಿಸಿಟ್ಟು ಮಾರುತ್ತಾರೆ. ಬುಟ್ಟಿಗಿಂತ ಮೀನು ಉದ್ದ. ಹಾಗಾಗಿ ಪ್ರತಿಯೊಂದರ ಕತ್ತನ್ನೂ ಮುರಿದು ತಲೆಯನ್ನು ಕೆಳಕ್ಕೆ ಬಗ್ಗಿಸಿರುತ್ತಾರೆ. ಸಾಲು ಸಾಲು ಬುಟ್ಟಿಗಳಲ್ಲಿ ಸಾವಿರಾರು ಮೀನು ಒಟ್ಟಿಗೆ ತಲೆ ತಗ್ಗಿಸಿ ಮಲಗಿದ ನೋಟ ಅದು. ಬಾಗಿದ ಮುಖ, ಮುರಿದ ಕತ್ತು ಇದ್ದರೇನೇ ಅಸಲಿ ಮೇಕ್ಲಾಂಗ್ ಮೀನು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಕತ್ತು ಯಾವ ಮೀನಿನದನ್ನೂ ಮುರಿಯಬಹುದಲ್ಲ! ಥಾಯ್ ಕೊಲ್ಲಿಯಲ್ಲಿ ಈ ಮೀನು ಸಿಗುವುದು ಕಮ್ಮಿಯಾಗಿ, ಈಗ ಹೊರಗಿನಿಂದ ಬಂದದ್ದೂ ಇಂಥದೇ ಬುಟ್ಟಿಯಲ್ಲಿ ಕೂರುತ್ತದೆ. ಪೀ ಒಂದೊಂದೇ ಬುಟ್ಟಿ ಎತ್ತಿ ಮೂಗಿನ ಹತ್ತಿರ ಹಿಡಿದರು, ಹೆಬ್ಬೆರಳಿನಿಂದ ಹೊಟ್ಟೆಯ ಪಕ್ಕ ಮೆಲ್ಲಗೆ ಅದುಮಿದರು. ಉದ್ದ ಮೈಯವನ್ನು ಸರಿಸಿಟ್ಟರು. ಚರ್ಮ ಹರಿಯದೆ ಹೊಳೆಯುವ, ಬೆನ್ನು ತುಂಬಿದ, ಅದುಮಿದರೆ ಮೆತ್ತಗೆ ತಗ್ಗುವ ಮೀನು ಮಾತ್ರ ಅವರ ಚೀಲಕ್ಕೆ ಹೋಯಿತು. ಮಾರುವ ಅಜ್ಜಿ ಸುಮ್ಮನೆ ನೋಡುತ್ತ ಕೂತಿದ್ದರು. ಕೊನೆಗೆ ಪೀ ಯಾರ ಮಗಳು ಎಂದು ವಿಚಾರಿಸಿ, ಗೊತ್ತಾದ ಮೇಲೆ ಒಂದು ಬುಟ್ಟಿ ಹೆಚ್ಚಿಗೆ ಹಾಕಿದರು.

ಪಕ್ಕದಲ್ಲೇ ಕಪಿಯ ಗುಡ್ಡೆ. ಕಪಿ ಎಂದರೆ ಸಣ್ಣ ಸಿಗಡಿಯನ್ನು ಉಪ್ಪು ಹಾಕಿ ಕೊಳೆಸಿ, ಒಣಗಿಸಿ ಅರೆದ ನೇರಳೆ ಬಣ್ಣದ ಮುದ್ದೆ. ಇದೇ ಪ್ರಾಂತ್ಯದ ಖ್ಲೊಂಗ್ ಖೋನ್ ಎಂಬ ಕಡಲಂಚಿನ ಊರಿನ ಕಪಿಗೆ ದೇಶದಲ್ಲೆಲ್ಲ ಹೆಸರು. ಅದರ ವಾಸನೆಗೆ ಹಿಂಜರಿಯುವ ಭಾರತೀಯರು ಬಹಳ. ಒಣಮೀನು ಒಣಗುವ ಅಂಗಳದಲ್ಲಿ ಆಡಿದವರಿಗೆ ಅದೇನೂ ದೊಡ್ಡದಲ್ಲ.

ಅಷ್ಟರಲ್ಲಿ ನಿಲ್ದಾಣದ ಕಡೆಯಿಂದ ಗಂಟೆ, ಧ್ವನಿವರ್ಧಕದಲ್ಲಿ ಏನೋ ಘೋಷಣೆ. ಯಾರೂ ಗಡಬಡಿಸಲಿಲ್ಲ. ಅಜ್ಜಿ ಕೂತಲ್ಲಿಂದಲೇ ಕೈ ಚಾಚಿ ಟಾರ್ಪಾಲಿನ ಕೋಲನ್ನು ಎಳೆದರು, ಚಪ್ಪರ ಮಡಚಿಕೊಂಡಿತು. ಎದುರಿನವರು ಚಕ್ರವಿದ್ದ ಹಲಗೆಯನ್ನು ಒಂದೇ ತಳ್ಳಿಗೆ ಹಿಂದೆ ಸರಿಸಿದರು. ಹಾಗಲ, ತೊಂಡೆ, ತುಳಸಿಯ ಕಟ್ಟುಗಳನ್ನು ನೆಲಕ್ಕೆ ಹರವಿದವರು ಅವನ್ನು ಮುಟ್ಟಲೇ ಇಲ್ಲ. ರೈಲಿನ ತಳ ಎಲ್ಲಿಯವರೆಗೆ ಬರುತ್ತದೆ ಎಂದು ಅವರಿಗೆ ಬೆರಳಳತೆಯಲ್ಲಿ ಗೊತ್ತು. ರೈಲು ಕೂಗುತ್ತ, ನಡೆಯುವವರ ವೇಗದಲ್ಲಿ ಬಂತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಗಾಲಿಯ ಪಕ್ಕದಲ್ಲಿ ತೊಂಡೆಕಾಯಿ ರಾಶಿ ಹಾಗೆಯೇ ಇತ್ತು. ರೈಲಿನೊಳಗೆ ಕಿಟಕಿಗೊಂದರಂತೆ ಫೋನು. ಕೊನೆಯ ಬೋಗಿ ದಾಟಿದ್ದೇ ತಡ, ಚಪ್ಪರ ಮತ್ತೆ ಚಾಚಿಕೊಂಡವು, ಅಜ್ಜಿ ಅರ್ಧಕ್ಕೆ ನಿಂತಿದ್ದ ಚಿಲ್ಲರೆಯ ಲೆಕ್ಕ ಮುಂದುವರಿಸಿದರು. ದಿನಕ್ಕೆ ಹಲವು ಬಾರಿ ಇದು ನಡೆಯುತ್ತದೆ. ‘ಕೊಡೆ ಮಡಚುವ ಸಂತೆ’ ಎಂದೇ ಊರವರು ಕರೆಯುವುದು.

ಈ ಮೀಟರ್ ಗೇಜ್ ಹಳಿ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಕರಾವಳಿಯ ಮೀನನ್ನು ಬ್ಯಾಂಕಾಕಿಗೆ ಸಾಗಿಸಲು. ಅಂದರೆ ಹಳಿಗೂ ಮೀನಿನ ಬುಟ್ಟಿಗೂ ನಂಟು ಮೊದಲಿಂದಲೂ ಇದೆ. ನನಗೆ ಬೇಸರವಾದದ್ದು ಒಂದೇ. ಅಷ್ಟೊಂದು ಪ್ರವಾಸಿಗರು ಬಂದು ಹೋಗುವ ಸಂತೆಯಲ್ಲಿ ತರಕಾರಿ, ಮೀನು ಮಾರುವವರ ಮುಂದೆ ಕೊಳ್ಳುವವರು ಕಮ್ಮಿ. ಹಳಿಯ ಪಕ್ಕದ ಎಷ್ಟೋ ಅಂಗಡಿಗಳು ಟೀ ಶರ್ಟು, ಕೀಚೈನುಗಳಿಗೆ ತಿರುಗಿವೆ. ಅಜ್ಜಿಯಂಥವರ ತಟ್ಟೆ ಅಲ್ಲೇ ಉಳಿಯಬೇಕಾದರೆ ನೋಡಲು ಬಂದವರು ಒಂದು ಹಣ್ಣನ್ನಾದರೂ ಕೊಳ್ಳಬೇಕು.

ಸಂತೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಾಟ್ ಬಾನ್ ಲೇಮ್ ದೇವಾಲಯ. ಬಾನ್ ಲೇಮ್ ಊರಿನ ಮೀನುಗಾರರ ಬಲೆಗೆ ನೀರಿನಲ್ಲಿ ಸಿಕ್ಕ ಬುದ್ಧ ಎಂದು ಐತಿಹ್ಯ. ನಿಂತ ಭಂಗಿ, ಕೈಯಲ್ಲಿ ಭಿಕ್ಷಾಪಾತ್ರೆ. ಪೀ ತಾವರೆ ಮೊಗ್ಗು, ಊದುಕಡ್ಡಿ, ಚಿನ್ನದ ರೇಕಿನ ಪುಟ್ಟ ಚೀಟಿ ತೆಗೆದುಕೊಂಡು ನನಗೂ ಒಂದು ಕೊಟ್ಟರು. ರೇಕು ಎಷ್ಟು ತೆಳುವೆಂದರೆ ಉಸಿರು ಬಿಟ್ಟರೆ ಹಾರುತ್ತದೆ. ಅಂಗೈಯಲ್ಲಿ ಹಿಡಿದು, ಎದುರಿಗಿಟ್ಟ ಚಿಕ್ಕ ಪ್ರತಿಮೆಗೆ ಕಾಗದ ಸಮೇತ ಒತ್ತಿ, ಬೆರಳಿನಿಂದ ತೀಡಿ ಕಾಗದ ಎಳೆದುಕೊಳ್ಳಬೇಕು. ಬೆರಳ ತುದಿಗೆ ಹತ್ತಿದ ಚಿನ್ನವನ್ನು ಪೀ ತಮ್ಮ ಹಣೆಗೆ ಒರೆಸಿಕೊಂಡರು. ಐಟಿ ಹುಡುಗ ಬಿದಿರಿನ ಕೊಳವೆಯಲ್ಲಿ ನಂಬರಿನ ಕಡ್ಡಿಗಳನ್ನು ಗಲಗಲ ಅಲ್ಲಾಡಿಸಿ, ಒಂದು ಕಡ್ಡಿ ಕೆಳಗೆ ಬೀಳುವವರೆಗೆ ಕಣ್ಣು ಮುಚ್ಚಿ ಕೂತಿದ್ದ. ಭವಿಷ್ಯದ ಚೀಟಿಯಲ್ಲಿ ಏನಿತ್ತೆಂದು ಯಾರಿಗೂ ಹೇಳಲಿಲ್ಲ.

ದಮ್ನೋನ್ ಸದುವಾಕ್‌ನ ತೇಲುವ ಮಾರುಕಟ್ಟೆಗೆ ಹೋಗೋಣವೇ ಎಂದು ಕೇಳಿದ್ದೆ. ಅಲ್ಲಿಗೆ ಬೆಳಗಿನ ಹೊತ್ತು ಸರಿ ಎಂದರು ಪೀ. ಆ ಹೆಸರಿನ ಕಾಲುವೆಯನ್ನು ನಾಲ್ಕನೇ ರಾಮನ ಆಜ್ಞೆಯಂತೆ 1866ರಿಂದ 1868ರವರೆಗೆ ತೋಡಿದರು, ಸುಮಾರು 32 ಕಿ.ಮೀ. ಉದ್ದ. ಮೇಕ್ಲಾಂಗ್ ಮತ್ತು ಥಾ ಚಿನ್ ನದಿಗಳನ್ನು ಅದು ಕೂಡಿಸುತ್ತದೆ. ತೋಟದ ಹಣ್ಣು ತರಕಾರಿ ದೋಣಿಯಲ್ಲಿ ಸಾಗುತ್ತಿದ್ದ ಕಾಲದಲ್ಲಿ ಕಾಲುವೆಗಳು ಸೇರುವಲ್ಲೆಲ್ಲ ಸಂತೆ ಕೂಡುತ್ತಿತ್ತು. ರಸ್ತೆ ಬಂದ ಮೇಲೆ ಒಂದೊಂದೇ ಮುಚ್ಚಿದವು.

ಬದಲಿಗೆ ವಾಟ್ ಬಾಂಗ್ ಕುಂಗ್‌ಗೆ ಹೋದೆವು. ಅದನ್ನು ನೋಡಿದ ಮೇಲೆ ಯಾವುದೂ ತಪ್ಪಿಹೋಯಿತೆಂದು ನನಗೆ ಅನ್ನಿಸಲಿಲ್ಲ. ಒಂದು ಚಿಕ್ಕ ಇಟ್ಟಿಗೆಯ ಗುಡಿ. ಅರಳಿ, ಆಲದ ಬಳಗದ ನಾಲ್ಕು ಬಗೆಯ ಮರಗಳು ಸೇರಿ ಅದನ್ನು ಪೂರಾ ಅಪ್ಪಿಕೊಂಡಿವೆ. ಹೊರಗಿನಿಂದ ಕಾಣುವುದು ಬೇರು ಮಾತ್ರ, ಬೇರಿನ ನಡುವೆ ಬಾಗಿಲು, ಕಿಟಕಿ. ಗೋಡೆಯನ್ನು ಸೀಳಬೇಕಿದ್ದ ಬೇರುಗಳೇ ಈಗ ಗೋಡೆ ಬೀಳದಂತೆ ಹಿಡಿದಿವೆ. ಒಳಗೆ ರೇಕು ಹಚ್ಚಿ ಹಚ್ಚಿ ಮೈಯೆಲ್ಲ ಚಿನ್ನವಾದ ಬುದ್ಧ. 1767ರಲ್ಲಿ ಅಯುಥಯಾ ರಾಜಧಾನಿ ಬರ್ಮೀಯರ ಪಾಲಾದ ಮೇಲೆ ತಾಕ್ಸಿನ್ ದೊರೆ ಇಲ್ಲಿ ಚೀನೀ ಮೂಲದವರ ಪಡೆ ಇರಿಸಿದ್ದ. ಮುತ್ತಿಗೆ ಹಾಕಿದ ಬರ್ಮೀ ಸೇನೆಯನ್ನು ಇಲ್ಲೇ ಹಿಮ್ಮೆಟ್ಟಿಸಿದರು. ಅಂಗಳದ ತುಂಬ ಮುಯ್ ಥಾಯ್ ಎಂಬ ಥಾಯ್ ಮುಷ್ಟಿಕಾಳಗದ ಪಟ್ಟು ಹಾಕಿ ನಿಂತ ಆಳುಗಳ ಪ್ರತಿಮೆಗಳಿವೆ. ರಾಜಧಾನಿ ಸುಟ್ಟುಹೋದ ಮೇಲೂ ಕಾಲುವೆ ಪಕ್ಕದ ಈ ಗುಡಿಯಲ್ಲಿ ಜನ ನಿಂತು ಕಾದಾಡಿದರು ಎಂದು ಐಟಿ ಹುಡುಗ ಹೇಳುವಾಗ ಅವನ ದನಿ ಗಟ್ಟಿಯಾಗಿತ್ತು. ಶಾಲೆಯಲ್ಲಿ ಓದಿದ್ದನ್ನು ಅವನು ಮರೆತಿಲ್ಲ.

ಅಂಫವಾ ಸೇರಿದಾಗ ಮೂರೂವರೆ. ವಾರದ ಕೊನೆಗೆ, ಮಧ್ಯಾಹ್ನದಿಂದ ರಾತ್ರಿಯವರೆಗೆ ನಡೆಯುವ ಸಂತೆ ಇದು. ಬರುವವರಲ್ಲಿ ಹೆಚ್ಚಿನವರು ಥಾಯ್ ಜನರೇ. ಕಾಲುವೆಯ ಇಬ್ಬದಿ ಹಳೆಯ ಮರದ ಮನೆಗಳ ಸಾಲು, ಮನೆಯ ಮುಂಗಟ್ಟೇ ಅಂಗಡಿ. ಇಲ್ಲೂ ಸಂತೆ ಸತ್ತುಹೋಗಿತ್ತು, 2004ರಲ್ಲಿ ಮತ್ತೆ ಎಬ್ಬಿಸಿದರು. 2008ರಲ್ಲಿ ಈ ಕಾಲುವೆ ಬಡಾವಣೆಗೆ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪಾರಂಪರಿಕ ಪುರಸ್ಕಾರಗಳಲ್ಲಿ ಗೌರವ ಉಲ್ಲೇಖ ಸಿಕ್ಕಿತು.

ಎರಡನೇ ರಾಮ ಹುಟ್ಟಿದ್ದು ಈ ಊರಿನಲ್ಲೇ. 1809ರಿಂದ 1824ರವರೆಗೆ ಆಳಿದ ಈ ದೊರೆ ಕವಿಯೂ ಹೌದು. ರಾಮಾಯಣದ ಥಾಯ್ ರೂಪವಾದ ರಾಮಕಿಯನ್‌ನ ಭಾಗಗಳನ್ನು ನಾಟಕಕ್ಕೆಂದು ಬರೆದವನು. ಅವನ ಸ್ಮಾರಕದ ತೋಟದಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆಗಳನ್ನು ನೋಡಿಕೊಂಡು ಬಂದೆವು. ಆಮೇಲೆ ಕಾಲುವೆ ದಡದ ಒಂದು ಅಂಗಡಿಯಲ್ಲಿ ತೂಗುಹಾಕಿದ್ದ ಚಿತ್ರ ಕಣ್ಣಿಗೆ ಬಿತ್ತು. ಬಿಳಿ ಮೈಯ ಹನುಮಂತ, ಅವನ ಪಕ್ಕ ಚಿನ್ನದ ಮೀನಿನ ಬಾಲವಿರುವ ಹೆಣ್ಣು. ಪೀ ಕಥೆ ಹೇಳಿದರು. ಅವಳು ಥೊತ್ಸಕನ್ ಅಂದರೆ ರಾವಣನ ಮಗಳು, ಸುಪನ್ನಮಚ್ಛಾ. ಸೇತುವೆಗೆ ಕಪಿಗಳು ಹಾಕಿದ ಕಲ್ಲನ್ನೆಲ್ಲ ತನ್ನ ಮೀನುಗಳಿಂದ ಎತ್ತಿಸುತ್ತಿದ್ದಳು. ತಡೆಯಲು ಸಮುದ್ರಕ್ಕೆ ಧುಮುಕಿದ ಹನುಮಂತ ಅವಳಿಗೆ ಒಲಿದ, ಅವಳು ಕಲ್ಲುಗಳನ್ನು ಬಿಟ್ಟುಕೊಟ್ಟಳು. ಅವರಿಗೆ ಮೀನಿನ ಬಾಲದ ಕಪಿಮಗನೊಬ್ಬ ಹುಟ್ಟಿದ. ಅಂಗಡಿಗೆ ಒಳ್ಳೆಯದಾಗಲಿ ಎಂದು ಅವಳ ಚಿತ್ರ ಕಟ್ಟುತ್ತಾರೆ.

ನಮ್ಮಲ್ಲಿ ಹನುಮಂತ ಬ್ರಹ್ಮಚಾರಿ ಎಂದೆ. ಹೆಣ್ಣುಮಕ್ಕಳಿಬ್ಬರೂ “ಅಯ್ಯೋ, ಪಾಪ!” ಎನ್ನುವ ಹಾಗೆ ಮುಖ ಮಾಡಿದರು. ಅವನು ಹುಟ್ಟಿದ ಜಾಗ ಎಂದು ನಾವು ನಂಬುವ ಅಂಜನಾದ್ರಿ ನಮ್ಮ ರಾಜ್ಯದಲ್ಲೇ ಇದೆ, ತುಂಗಭದ್ರೆಯ ದಡದ ಆ ಸೀಮೆಯೇ ಕಿಷ್ಕಿಂಧೆ ಎಂದಾಗ ಮಾತ್ರ ಪೀ ನಡೆಯುವುದನ್ನು ನಿಲ್ಲಿಸಿದರು. “ಖೀತ್‌ಖಿನ್? ನಿಜವಾಗಿ ಇದೆಯಾ? ಬೆಟ್ಟ ಹತ್ತಬಹುದಾ?” ಖೀತ್‌ಖಿನ್ ಎಂದರೆ ಥಾಯ್ ಬಾಯಲ್ಲಿ ಕಿಷ್ಕಿಂಧೆ. ಪಠ್ಯದಲ್ಲಿ ಓದಿದ ಊರು ನಕಾಶೆಯಲ್ಲಿರುತ್ತದೆಂದು ಅವರು ಎಣಿಸಿರಲಿಲ್ಲ. ಫೋನಿನಲ್ಲಿ ಹಂಪಿಯ ಎದುರು ದಡ ತೋರಿಸಿದೆ. ಮೆಟ್ಟಿಲುಗಳ ಫೋಟೋ ದೊಡ್ಡದು ಮಾಡಿಕೊಂಡು ತುಂಬಾ ಹೊತ್ತು ನೋಡಿದರು. ಬ್ಯಾಂಕಾಕಿನಿಂದ ಬೆಂಗಳೂರಿಗೆ ವಿಮಾನ ಎಷ್ಟು ಹೊತ್ತು ಎಂದು ಅಲ್ಲೇ ಕೇಳಿದರು.

ಊಟ ಕಾಲುವೆಯ ಮೆಟ್ಟಿಲ ಮೇಲೆ. ದೋಣಿಯಲ್ಲೇ ಒಲೆ ಹೂಡಿದ ಹೆಂಗಸರು ಸಿಗಡಿ, ಬೊಂಡಾಸ್ ಸುಟ್ಟು ತಟ್ಟೆಯನ್ನು ಮೇಲಕ್ಕೆ ಚಾಚುತ್ತಾರೆ. ಗುಳಿಯಪ್ಪದ ಹಂಚಿನಂಥದೇ ಹಂಚಿನಲ್ಲಿ ಅಕ್ಕಿಹಿಟ್ಟು, ತೆಂಗಿನಹಾಲು ಹುಯ್ದು ಬೇಯಿಸಿದ ಖನೊಮ್ ಕ್ರೊಕ್ ನಾನು ಇನ್ನೆರಡು ಸಲ ತರಿಸಿಕೊಂಡೆ. ಅಂಚು ಗರಿಗರಿ, ನಡುವೆ ಬಿಸಿ ಹಾಲು, ಮೇಲೆ ಈರುಳ್ಳಿ ಹೂವಿನ ಚೂರು. ತಿನಿಸೆಲ್ಲ ನಡುವಿಗಿಟ್ಟು ಹಂಚಿಕೊಳ್ಳುವುದು ಇಲ್ಲಿನ ಪದ್ಧತಿ. ಬಿಲ್ಲು ಹಿರಿಯರದು. ನಾನು ಕೊಡಹೋದರೆ ಪೀ ಕೈ ಹಿಡಿದು ಕೂರಿಸಿದರು.

ಅಂಫವಾದ ತೋಟಗಳಲ್ಲಿ ತೆಂಗಿನ ಬೆಲ್ಲ ಕಾಯಿಸುತ್ತಾರೆ. ಹೊಂಬಾಳೆ ಕೊಯ್ದು ಇಳಿಸಿದ ರಸ ಹುಳಿಯಾಗದಂತೆ ಅದರೊಳಗೆ ಫಯೋಮ್ ಮರದ ಚಕ್ಕೆ ಹಾಕಿಡುವುದು ಹಳೆಯ ಕ್ರಮ. ದೊಡ್ಡ ಬಾಣಲೆಯಲ್ಲಿ ಕುದಿಸಿ, ಇಳಿಸಿ, ಕಡೆದು ಅಚ್ಚಿಗೆ ಹುಯ್ಯುತ್ತಾರೆ. ಸಕ್ಕರೆ ಬೆರೆಸಿದ ಬೆಲ್ಲ ಕಲ್ಲಿನಂತೆ ಗಟ್ಟಿ ಇರುತ್ತದೆ, ಬೆರೆಸದ್ದು ಬೇಗ ಕರಗುತ್ತದೆ ಎಂದು ಪೀ ಹೇಳಿಕೊಟ್ಟರು. ಬೆಲೆ ಹೆಚ್ಚಾದರೂ ಮೆತ್ತಗಿದ್ದದ್ದನ್ನೇ ಕೊಂಡೆ.

ಕತ್ತಲಾದ ಮೇಲೆ ಮಿಂಚುಹುಳು ತೋರಿಸುವ ದೋಣಿಗಳು ಹೊರಡುತ್ತವೆ. ಲಂಫೂ ಮರಗಳ ತುಂಬ ಅವು ಒಟ್ಟಿಗೆ ಮಿನುಗುತ್ತವೆ, ಮಳೆಗಾಲದಲ್ಲಂತೂ ಹೆಚ್ಚು. ನಾವು ದೋಣಿ ಹತ್ತಲಿಲ್ಲ. ರಾತ್ರಿಯಿಡೀ ಇಂಜಿನ್ ಸದ್ದು ತಾಳಲಾರದೆ ಮನೆ ಮುಂದಿನ ಲಂಫೂ ಮರವನ್ನೇ ಕಡಿದವರಿದ್ದಾರೆ ಎಂದು ಪೀ ಹೇಳಿದ ಮೇಲೆ ನನಗೆ ಮನಸ್ಸಾಗಲಿಲ್ಲ. ಹುಳ ನೋಡುವ ಆಸೆಗೆ ಹುಳದ ಮರವೇ ಹೋಗುವುದಾದರೆ ಆ ನೋಟ ಬೇಡ.

ಮರುದಿನ ಪೀ ಹೇಳಿದಂತೆ ಮೀನನ್ನು ಕಮ್ಮಿ ಎಣ್ಣೆಯಲ್ಲಿ ಹುರಿದು, ಕಪಿ, ಬೆಳ್ಳುಳ್ಳಿ, ಮೆಣಸು, ನಿಂಬೆಹುಳಿ ಕುಟ್ಟಿದ ನಾಮ್ ಪ್ರಿಕ್ ಜೊತೆ ಅನ್ನಕ್ಕೆ ಹಾಕಿಕೊಂಡೆ. ಮೆಣಸು ಐದೇ ಸಾಕು ಎಂದಿದ್ದರು. ಅಷ್ಟೇ ಹಾಕಿದ್ದು ಒಳ್ಳೆಯದಾಯಿತು.

ಕನ್ನಡದವರು ಯಾರಾದರೂ ಹೋಗುವುದಾದರೆ ವ್ಯಾನಿಗಿಂತ ಸೊಗಸಾದ ದಾರಿ ರೈಲಿನದು. ಬ್ಯಾಂಕಾಕಿನ ವೊಂಗ್ವಿಯನ್ ಯಾಯ್ ನಿಲ್ದಾಣದಿಂದ ಮಹಾಚಾಯ್, ಅಲ್ಲಿ ಥಾ ಚಿನ್ ನದಿಯನ್ನು ದೋಣಿಯಲ್ಲಿ ದಾಟಿ ಬಾನ್ ಲೇಮ್ ನಿಲ್ದಾಣ (ದೇವಾಲಯದ ಬಾನ್ ಲೇಮ್ ಬೇರೆ), ಅಲ್ಲಿಂದ ಇನ್ನೊಂದು ರೈಲಿನಲ್ಲಿ ಸುಮಾರು 33 ಕಿ.ಮೀ. ಸಾಗಿದರೆ ನೀವು ಕೂತ ಬೋಗಿಯೇ ಸಂತೆಯೊಳಗೆ ನುಗ್ಗುತ್ತದೆ. ಎರಡನೆಯ ರೈಲು ದಿನಕ್ಕೆ ಕೆಲವೇ ಇರುವುದರಿಂದ ಸಮಯ ಮೊದಲೇ ವಿಚಾರಿಸಿಕೊಳ್ಳಿ, ಕೈಚೀಲ ಒಂದಿರಲಿ. ಐಟಿ ಹುಡುಗ ಮುಂದಿನ ಸಲ ಹಾಗೇ ಕರೆದೊಯ್ಯುತ್ತೇನೆ ಎಂದಿದ್ದಾನೆ. ಪೀ ಮಾತ್ರ ಈಗ ಮೀನಿನ ಮಾತು ಬಿಟ್ಟು ಅಂಜನಾದ್ರಿಗೆ ಯಾವ ತಿಂಗಳು ಒಳ್ಳೆಯದು ಎಂದು ಕೇಳುತ್ತಿದ್ದಾರೆ. ಡಿಸೆಂಬರ್ ಎಂದಿದ್ದೇನೆ.