ಗಿರಣಿ ಹಳ್ಳ, ಚಿಕ್ಕ ಬೆಟ್ಟ

12 ಅಕ್ಟೋಬರ್ 2023, ಗುರುವಾರ
ಫೋರ್ಟ್ ವಿಲಿಯಂ, ಸ್ಕಾಟ್ಲೆಂಡ್

ಇವತ್ತೂ ಮಳೆ ಬಿಡಲಿಲ್ಲ. ಡ್ಯೂಟಿ ಮುಗಿಸಿ ಬರುವಾಗ ಪಕ್ಕದ ಮನೆ ಅಜ್ಜನಿಗೆ ಹಾಲು ಕೊಟ್ಟು ಹೋಗೋಣ ಅಂತ ಬಾಗಿಲು ತಟ್ಟಿದೆ. ಕತ್ತಲಾಗುವ ತನಕ ಅಲ್ಲೇ ಕೂತುಬಿಟ್ಟೆ.

ಮೇಜಿನ ಮೇಲೆ ಬೆನ್ ನೆವಿಸ್ ಬೆಟ್ಟದ ಸುತ್ತಲಿನ ನಕ್ಷೆ ಹರಡಿಕೊಂಡಿದ್ದರು. ಮಡಿಕೆ ಹರಿದ ಕಡೆಯೆಲ್ಲ ಟೇಪ್ ಅಂಟಿಸಿದ್ದಾರೆ. ಬೆಟ್ಟದ ಉತ್ತರಕ್ಕೆ ಒಂದು ಸಣ್ಣ ನೀಲಿ ಗೆರೆ. ಅದರ ಮೇಲೆ ಬೆರಳಿಟ್ಟು "ಔಲ್ಟ್ ಅ ವೂಲಿನ್" ಅಂದರು. ಅವರ ಗೇಲಿಕ್ ಭಾಷೆಯಲ್ಲಿ ಔಲ್ಟ್ ಅಂದರೆ ಹಳ್ಳ, ಇದು ಗಿರಣಿ ಹಳ್ಳ. ಊರಿನ ವಿಸ್ಕಿ ಭಟ್ಟಿಗೆ ಹೋಗುವುದೂ ಇದೇ ನೀರು.

ಆಮೇಲೆ ಬೆರಳು ಪೂರ್ವಕ್ಕೆ ಜರುಗಿತು. ಅಲ್ಲಿ ಎರಡು ಬೆಟ್ಟ: ಊನಖ್ ಮೋರ್, ಊನಖ್ ಬೆಕ್. ಮೋರ್ ಅಂದರೆ ದೊಡ್ಡದು, ಬೆಕ್ ಅಂದರೆ ಚಿಕ್ಕದು. ಆದರೆ ನಕ್ಷೆಯಲ್ಲಿ ದೊಡ್ಡದರ ಎತ್ತರ 1221 ಮೀಟರ್, ಚಿಕ್ಕದರದ್ದು 1234!

"ತಪ್ಪಾಗಿ ಬರೆದಿದ್ದಾರಾ?" ಅಂತ ಕೇಳಿದೆ.

"ಇಲ್ಲ ಅ ಘ್ರಾಯ್. ಹೆಸರಿಟ್ಟವರು ತುದಿಗೆ ಹತ್ತಿ ಅಳೆದವರಲ್ಲ, ಕೆಳಗೆ ದನ ಕಾಯ್ತಿದ್ದವರು. ಯಾವುದರ ಮೈ ಅಗಲವಾಗಿ ಕಾಣುತ್ತೋ ಅದೇ ದೊಡ್ಡದು."

ಅ ಘ್ರಾಯ್ ಅಂದರೆ ಪ್ರೀತಿಯವಳೇ ಅಂತ. ನನ್ನನ್ನು ಕರೆಯುವುದೇ ಹಾಗೆ. ಗೊಂಡೊಲಾದಲ್ಲಿ (ಕೇಬಲ್ ಕಾರ್) ಮೇಲೆ ಹೋಗಿ ಫೋಟೊ ತೆಗೆದುಕೊಂಡು ಬಂದಿದ್ದೀನಲ್ಲ, ಅದೇ ಊನಖ್ ಮೋರ್. ಆವತ್ತು ಇದೊಂದೂ ಗೊತ್ತಿರಲಿಲ್ಲ.

ಅಜ್ಜ ಲೂಯಿಸ್ ದ್ವೀಪದವರು. ಅಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು, ಹುಡುಗಿಯರು ದನ ಹೊಡೆದುಕೊಂಡು ಒಳಗಿನ ಬಯಲಿಗೆ ಹೋಗಿ ಗುಡಿಸಲಲ್ಲಿ ಇರುತ್ತಿದ್ದರಂತೆ. ಅದಕ್ಕೆ ಆರಿ ಅಂತಾರೆ. ಹಾಲು, ಬೆಣ್ಣೆ, ಚೀಸ್ ಎಲ್ಲ ಅಲ್ಲೇ. ಅವರ ಅಜ್ಜಿಯ ಆರಿ ಪಕ್ಕದ ಹಳ್ಳದಲ್ಲಿ ಒಂದೊಂದು ಮಡುವಿಗೂ ಹೆಸರಿತ್ತಂತೆ. ಪಾತ್ರೆ ತಿಕ್ಕುವುದು ಒಂದು, ಕರು ಬಿದ್ದದ್ದು ಇನ್ನೊಂದು.

"ಅವೆಲ್ಲ ನಕ್ಷೆಯಲ್ಲಿ ಇದಾವಾ?"

ತಲೆ ಅಲ್ಲಾಡಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಸರ್ವೇಯವರು ಬಂದು ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಆದರೆ ಅವರು ಹೆಚ್ಚಾಗಿ ಕೇಳಿದ್ದು ಪಾದ್ರಿ, ಶಾಲೆ ಮೇಷ್ಟ್ರು, ಜಮೀನ್ದಾರರ ಕಡೆಯವರನ್ನು. ಹಾಲು ಕರೆಯುವ ಹೆಂಗಸನ್ನು ಯಾರು ಕೇಳಬೇಕು? ಆ ಬಯಲನ್ನು ಇಂಚಿಂಚಾಗಿ ಬಲ್ಲವಳು ಅವಳೇ ಅಲ್ವಾ! ನನಗೆ ಸಿಟ್ಟೇ ಬಂತು.

ಅಜ್ಜನಿಗೆ ಸಿಟ್ಟಿರಲಿಲ್ಲ. ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ ಮಡುಗಳ ಹೆಸರು ಒಂದೊಂದೇ ಹೇಳತೊಡಗಿದರು. ಮಧ್ಯೆ ಒಂದು ನೆನಪಾಗಲಿಲ್ಲ. ಕಣ್ಣು ಮುಚ್ಚಿ, ಬಾಯಲ್ಲೇ ಏನೋ ಗುನುಗಿ, ಮತ್ತೆ ಮೊದಲಿನಿಂದ ಶುರು ಮಾಡಿದರು, ಮೇಲಿನಿಂದ ಹಳ್ಳದ ಜೊತೆಗೇ ಇಳಿದು ಬರುವ ಹಾಗೆ. ಅದೇ ಜಾಗಕ್ಕೆ ಬಂದು ಮತ್ತೆ ನಿಂತರು.

ಅವರಿಗೆ ಎಂಬತ್ತು ದಾಟಿದೆ. ಮೊಮ್ಮಕ್ಕಳು ಗ್ಲಾಸ್ಗೋದಲ್ಲಿ, ಒಬ್ಬರಿಗೂ ಗೇಲಿಕ್ ಬರಲ್ಲ. ಈ ಊರಲ್ಲಿ 2015ರಿಂದ ಗೇಲಿಕ್ ಪ್ರಾಥಮಿಕ ಶಾಲೆ ಇದೆ, ಮಕ್ಕಳು ಚೆನ್ನಾಗಿ ಮಾತಾಡ್ತಾರೆ, ನಿಜ. ಆದರೆ ಆ ಮಡುಗಳ ಹೆಸರು ಅವರಿಗೆ ಯಾರು ಹೇಳಿಕೊಡ್ತಾರೆ?

ಬಟ್ಟೆ ಇನ್ನೂ ಮಷೀನ್‌ನಲ್ಲೇ ಇದೆ. ಅನ್ನಕ್ಕೂ ಇಟ್ಟಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಬೇಕು. ಭಾನುವಾರ ನನಗೆ ರಜೆ. ಆದರೆ ಭಾನುವಾರ ಅಜ್ಜ ಚರ್ಚು, ಬೈಬಲ್ ಬಿಟ್ಟು ಬೇರೇನೂ ಮುಟ್ಟಲ್ಲ, ಲೂಯಿಸ್‌ನವರಲ್ಲಿ ಅದು ಕಟ್ಟುನಿಟ್ಟು. ಸೋಮವಾರದಿಂದ ನನಗೆ ನೈಟ್ ಶಿಫ್ಟ್. ಹಾಗಾದರೆ ಶನಿವಾರ ಬೆಳಿಗ್ಗೆಯೇ, ಅವರು ಅಂಗಡಿಗೆ ಹೊರಡುವ ಮೊದಲು